ಸಂಶೋಧನಾ ಪ್ರಬಂಧಗಳಲ್ಲಿ ಕೃತಿಚೌರ್ಯ: ಅಭ್ಯರ್ಥಿಗಳು, ಮಾರ್ಗದರ್ಶಕರು ಹಾಗೂ ಸಾರ್ವಜನಿಕರ ಮಾಹಿತಿಗಾಗಿ

ಸ್ನಾತಕೋತ್ತರ ಪದವಿಯ ಪ್ರೌಢಪ್ರಬಂಧ ಅಥವಾ ಪಿಎಚ್.ಡಿ. ಪದವಿಯ ಮಹಾಪ್ರಬಂಧವನ್ನು ಸಲ್ಲಿಸುವ ಪ್ರತಿಯೊಬ್ಬ ಅಭ್ಯರ್ಥಿಯೂ, ಸದರಿ ಪ್ರಬಂಧವು ತನ್ನ ಸ್ವಂತ ರಚನೆಯೆಂದೂ, ಕೃತಿಚೌರ್ಯದಿಂದ ಮುಕ್ತವಾಗಿರುವುದೆಂದೂ, ಸಂಸ್ಥೆಯು ಅನುಮೋದಿಸಿದ ತಂತ್ರಾಂಶದ ಮೂಲಕ ಪರಿಶೀಲನೆಗೆ ಒಳಪಟ್ಟಿರುವುದೆಂದೂ ಮುಚ್ಚಳಿಕೆ ನೀಡಬೇಕಾಗಿರುತ್ತದೆ. ಮಾರ್ಗದರ್ಶಕರು ಇದೇ ಆಶಯದ ಪ್ರಮಾಣಪತ್ರವನ್ನು ಪ್ರತ್ಯೇಕವಾಗಿ ನೀಡತಕ್ಕದ್ದು. ಈ ಎರಡು ಕಾಗದಗಳ ಸಂಬಂಧದಲ್ಲಿ ಅಭ್ಯರ್ಥಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಶೇಕಡಾ ಎಷ್ಟರವರೆಗೆ ಹೋಲಿಕೆ ಇದ್ದರೆ ನಡೆಯುತ್ತದೆ? ಪ್ರಶ್ನೆಗೆ ನಿಯಮದಲ್ಲಿ ಉತ್ತರವಿದೆ; ಅದನ್ನು ಮುಂದೆ ವಿವರಿಸಲಾಗಿದೆ. ಆದರೆ ಪರರ ಬರಹವನ್ನು ಒಂದು ಪ್ರಮಾಣದವರೆಗೆ ತೆಗೆದುಕೊಳ್ಳುವುದಕ್ಕೆ ಪರವಾನಗಿ ಇದೆಯೆಂಬ ಭಾವನೆ ಆ ಪ್ರಶ್ನೆಯ ಹಿಂದೆ ಇದ್ದಲ್ಲಿ, ಅದು ತಪ್ಪು ತಿಳಿವಳಿಕೆ. ತಂತ್ರಾಂಶವು ತೋರಿಸುವ ಅಂಕಿ ಬೇರೆ, ಕೃತಿಚೌರ್ಯ ಬೇರೆ ಎಂಬುದನ್ನು ಸ್ಪಷ್ಟಪಡಿಸುವ ಸಲುವಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಕೃತಿಚೌರ್ಯ ಎಂದರೇನು

ಮತ್ತೊಬ್ಬರ ಬರಹವನ್ನಾಗಲಿ, ವಿಚಾರವನ್ನಾಗಲಿ, ದತ್ತಾಂಶವನ್ನಾಗಲಿ ಮೂಲವನ್ನು ಹೇಳದೆ ತನ್ನದೆಂದು ಮಂಡಿಸುವುದೇ ಕೃತಿಚೌರ್ಯ. ಪದಗಳನ್ನು ಬದಲಿಸಿದ ಮಾತ್ರಕ್ಕೆ ಅದು ಚೌರ್ಯವಲ್ಲದಂತೆ ಆಗುವುದಿಲ್ಲ. ವಾಣಿಜ್ಯ ವ್ಯವಹಾರದಲ್ಲಿ ಪ್ರತಿಯೊಂದು ನಮೂದಿಗೂ ಒಂದು ವೋಚರ್ ಇರುತ್ತದೆ. ವೋಚರ್ ಇಲ್ಲದ ಖರ್ಚನ್ನು ಲೆಕ್ಕಪರಿಶೋಧಕರು ಒಪ್ಪುವುದಿಲ್ಲ, ಮೊತ್ತ ಚಿಕ್ಕದೆಂಬ ಕಾರಣಕ್ಕೆ ಬಿಡುವುದೂ ಇಲ್ಲ. ಸಂಶೋಧನೆಯಲ್ಲಿ ಅಡಿಟಿಪ್ಪಣಿಯ ಕೆಲಸವೂ ಅದೇ ಆಗಿದೆ. ಒಂದು ಮಾತು ಎಲ್ಲಿಂದ ಬಂತು ಎಂಬುದನ್ನು ಓದುಗರು ಸ್ವತಃ ಹೋಗಿ ನೋಡಿ ಖಚಿತಪಡಿಸಿಕೊಳ್ಳುವಂತಿರಬೇಕು.

ಕೃತಿಸ್ವಾಮ್ಯದ ಉಲ್ಲಂಘನೆ ಹಾಗೂ ಕೃತಿಚೌರ್ಯ ಇವೆರಡನ್ನು ಒಂದೇ ಎಂದು ಭಾವಿಸುವುದು ವಾಡಿಕೆಯಾಗಿದೆ. ಕೃತಿಸ್ವಾಮ್ಯವು 1957ರ ಕೃತಿಸ್ವಾಮ್ಯ ಅಧಿನಿಯಮಕ್ಕೆ ಒಳಪಟ್ಟಿದ್ದು, ಲೇಖಕರ ಜೀವಿತಾವಧಿ ಹಾಗೂ ಅವರ ಮರಣಾನಂತರದ 60 ವರ್ಷಗಳವರೆಗೆ ಜಾರಿಯಲ್ಲಿರುತ್ತದೆ. ಸಂಶೋಧನೆ ಹಾಗೂ ವಿಮರ್ಶೆಗಾಗಿ ನ್ಯಾಯಯುತವಾಗಿ ಬಳಸಿಕೊಳ್ಳಲು ಸದರಿ ಅಧಿನಿಯಮದ 52ನೇ ಪ್ರಕರಣದಲ್ಲಿ ಅವಕಾಶವಿದೆ. ಕೃತಿಚೌರ್ಯಕ್ಕೆ ಇಂತಹ ಕಾಲಮಿತಿ ಇರುವುದಿಲ್ಲ. ಉದಾಹರಣೆಗೆ, ಆರ್. ನರಸಿಂಹಾಚಾರ್ಯರ ಕರ್ನಾಟಕ ಕವಿಚರಿತೆಯ ಮೊದಲ ಸಂಪುಟವು 1907ರಲ್ಲಿ ಪ್ರಕಟವಾಯಿತು. ಲೇಖಕರು 1936ರಲ್ಲಿ ನಿಧನರಾದರು. ಇಂದು ಆ ಕೃತಿಯನ್ನು ಯಾರು ಬೇಕಾದರೂ ಮರುಮುದ್ರಿಸಬಹುದು, ಅದರಲ್ಲಿ ಅಪರಾಧವಿಲ್ಲ. ಆದರೆ ಅದರಲ್ಲಿನ ಒಂದು ಕವಿಯ ಕಾಲನಿರ್ಣಯವನ್ನು ಎತ್ತಿಕೊಂಡು, ನರಸಿಂಹಾಚಾರ್ಯರ ಹೆಸರು ಹೇಳದೆ, ತಾನೇ ಶಾಸನಗಳನ್ನು ಓದಿ ಕಂಡುಕೊಂಡಂತೆ ಪ್ರಬಂಧದಲ್ಲಿ ಬರೆದರೆ ಅದು ಕೃತಿಚೌರ್ಯವೇ ಸರಿ. ಇದಕ್ಕೆ ವಿರುದ್ಧವಾಗಿ, ಇತ್ತೀಚಿನ ಒಂದು ಪುಸ್ತಕವನ್ನು ಲೇಖಕರ ಹೆಸರಿನೊಂದಿಗೇ, ಆದರೆ ಅನುಮತಿಯಿಲ್ಲದೆ ಪೂರ್ತಿಯಾಗಿ ಅಚ್ಚು ಹಾಕಿಸಿದರೆ ಅದು ಕೃತಿಸ್ವಾಮ್ಯದ ಉಲ್ಲಂಘನೆಯಾಗುತ್ತದೆಯೇ ಹೊರತು ಕೃತಿಚೌರ್ಯವಾಗುವುದಿಲ್ಲ.

ಸರ್ಕಾರಿ ವರದಿಗಳು, ಗೆಜೆಟಿಯರುಗಳು ಹಾಗೂ ಜನಗಣತಿ ಪುಸ್ತಿಕೆಗಳು ಸಾರ್ವಜನಿಕ ಸ್ವತ್ತಾದ್ದರಿಂದ ಮೂಲ ಹೇಳಬೇಕಾಗಿಲ್ಲವೆಂದು ಕೆಲವು ಅಭ್ಯರ್ಥಿಗಳು ತಿಳಿದಿರುತ್ತಾರೆ. ಇದೂ ಸರಿಯಲ್ಲ.

ವಿದ್ಯಾರ್ಥಿಗಳಲ್ಲಿ ಕಂಡುಬರುವ ಧೋರಣೆ

ಪ್ರಬಂಧದಲ್ಲಿ ಕೃತಿಚೌರ್ಯ ಮಾಡಿದವರೆಲ್ಲರೂ ವಂಚನೆಯ ಉದ್ದೇಶದಿಂದಲೇ ಮಾಡಿರುತ್ತಾರೆಂದು ಹೇಳಲಾಗದು. ಹಲವರಿಗೆ ತಾವು ಮಾಡಿದ್ದು ತಪ್ಪೆಂಬ ಅರಿವೇ ಇರುವುದಿಲ್ಲ. ಇದಕ್ಕೆ ಕಾರಣವನ್ನು ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. ಪ್ರೌಢಶಾಲೆಯಿಂದ ಪದವಿಯವರೆಗೆ, ಮಾರ್ಗದರ್ಶಿ ಪುಸ್ತಕದ ಉತ್ತರವನ್ನು ಕಂಠಪಾಠ ಮಾಡಿ ಅಕ್ಷರ ತಪ್ಪದಂತೆ ಬರೆದವರಿಗೆ ಪೂರ್ಣ ಅಂಕ ದೊರೆಯುತ್ತದೆ. ಪರೀಕ್ಷಾ ಕೊಠಡಿಯಲ್ಲಿ ಪಕ್ಕದವರ ಉತ್ತರವನ್ನು ನೋಡಿ ಬರೆಯುವುದು ನಕಲು, ಅದು ಅಪರಾಧ ಎಂಬುದು ಎಲ್ಲರಿಗೂ ಗೊತ್ತು. ಆದರೆ ಪುಸ್ತಕವನ್ನು ನೋಡಿ ಬರೆಯುವುದು ಓದಿನ ಲಕ್ಷಣವೆಂದೇ ಹದಿನೈದು ವರ್ಷಗಳ ಕಾಲ ಕಲಿಸಲಾಗಿರುತ್ತದೆ. ಅದೇ ವಿದ್ಯಾರ್ಥಿಯು ಸಂಶೋಧನೆಗೆ ನೋಂದಣಿಯಾದ ಮರುದಿನದಿಂದ ಅದೇ ಅಭ್ಯಾಸವು ದಂಡನಾರ್ಹವಾಗುತ್ತದೆ. ಈ ಬದಲಾವಣೆಯನ್ನು ಯಾರಾದರೂ ಕುಳ್ಳಿರಿಸಿ ವಿವರಿಸಿದ್ದರೆ ಸರಿ. ಇಲ್ಲವಾದರೆ ಹೋಲಿಕೆ ವರದಿ ಕೈಗೆ ಬಂದ ದಿನವೇ ತಿಳಿಯುತ್ತದೆ.

ಪದವಿ ಹಂತದ ಯೋಜನಾ ವರದಿಗಳ ಸ್ಥಿತಿಯನ್ನು ಇಲ್ಲಿ ಪ್ರಸ್ತಾಪಿಸುವುದು ಅಗತ್ಯ. ಹಿಂದಿನ ವರ್ಷದ ವರದಿಯ ಮುಖಪುಟವನ್ನು ಬದಲಿಸಿ, ಹೊಸದಾಗಿ ಬೈಂಡ್ ಮಾಡಿಸಿ ಸಲ್ಲಿಸುವ ಪದ್ಧತಿಯು ಕಾಲೇಜುಗಳ ಸುತ್ತಮುತ್ತಲಿನ ಜೆರಾಕ್ಸ್ ಅಂಗಡಿಗಳಿಗೆ ಹೊಸದೇನಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ವಿನಿಯಮಗಳು ಪ್ರಬಂಧ, ಸಂಶೋಧನಾ ಲೇಖನ ಹಾಗೂ ಪುಸ್ತಕಗಳಿಗೆ ಅನ್ವಯವಾಗುತ್ತವೆಯೇ ಹೊರತು ಮನೆಗೆಲಸ, ಯೋಜನಾ ವರದಿ, ಕೋರ್ಸ್ ಅಂಗವಾದ ಬರಹ ಹಾಗೂ ಉತ್ತರ ಪತ್ರಿಕೆಗಳನ್ನು ಅವುಗಳ ವ್ಯಾಪ್ತಿಯಿಂದ ಹೊರಗಿಡಲಾಗಿದೆ. ಕೋಟ್ಯಂತರ ವಿದ್ಯಾರ್ಥಿಗಳ ಪ್ರತಿಯೊಂದು ಬರಹವನ್ನು ಸಮಿತಿಯ ಮುಂದೆ ತರಲಾಗದು ಎಂಬುದು ನಿಜ. ಆದಾಗ್ಯೂ, ಅಭ್ಯಾಸವು ಬೆಳೆಯುವ ಹಂತದಲ್ಲಿ ತಡೆಯಿಲ್ಲದೆ, ಅದು ಬೇರೂರಿದ ನಂತರದ ಹಂತದಲ್ಲಿ ಮಾತ್ರ ದಂಡನೆ ಇರುವುದರಿಂದ, ಪದವಿ ಕಾಲೇಜಿನ ಅಧ್ಯಾಪಕರ ಜವಾಬ್ದಾರಿ ಇನ್ನೂ ಹೆಚ್ಚಾಗುತ್ತದೆ.

ಪೂರ್ವಾಧ್ಯಯನಗಳ ಸಮೀಕ್ಷೆಯ ಅಧ್ಯಾಯವು ಸಂಶೋಧನೆಯ ಭಾಗವಲ್ಲ, ಅದು ಹಿಂದಿನವರು ಬರೆದುದರ ಸಂಗ್ರಹ ಮಾತ್ರ, ಆದ್ದರಿಂದ ಅಲ್ಲಿ ಇದ್ದಂತೆಯೇ ಬರೆಯಬಹುದು ಎಂಬುದು ಇನ್ನೊಂದು ವ್ಯಾಪಕವಾದ ನಂಬಿಕೆ. ಇದರ ಪರಿಣಾಮವಾಗಿ ಒಂದು ಪ್ರಬಂಧದ ಸಮೀಕ್ಷಾ ಅಧ್ಯಾಯವು ಮತ್ತೊಂದು ಪ್ರಬಂಧದ ಸಮೀಕ್ಷಾ ಅಧ್ಯಾಯದಿಂದ, ಅದು ಅದಕ್ಕೂ ಹಿಂದಿನದರಿಂದ ಬಂದಿರುವ ಸರಪಳಿ ಏರ್ಪಡುತ್ತದೆ. ಮೂಲ ಗ್ರಂಥವನ್ನು ಈ ಸರಪಳಿಯಲ್ಲಿ ಮೊದಲನೆಯವರ ಹೊರತು ಯಾರೂ ತೆರೆದು ನೋಡಿರುವುದಿಲ್ಲ. ಮೊದಲನೆಯವರು ಪುಟಸಂಖ್ಯೆಯನ್ನು ತಪ್ಪಾಗಿ ಬರೆದಿದ್ದಲ್ಲಿ ಎಲ್ಲರ ಪ್ರಬಂಧದಲ್ಲೂ ಅದೇ ತಪ್ಪು ಸಂಖ್ಯೆ ಇರುತ್ತದೆ. ಅನುಭವಿ ಪರೀಕ್ಷಕರು ನಕಲನ್ನು ಗುರುತಿಸುವುದು ಅನೇಕ ವೇಳೆ ಹೀಗೆಯೇ.

ಭಾಷೆಯ ಭಯವನ್ನೂ ಪರಿಗಣಿಸಬೇಕಾಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ, ಇಂಗ್ಲಿಷ್‌ನಲ್ಲಿ ಪ್ರಬಂಧ ಬರೆಯಬೇಕಾಗಿ ಬಂದ ಅಭ್ಯರ್ಥಿಗೆ ಮುದ್ರಿತ ವಾಕ್ಯವು ತನ್ನ ವಾಕ್ಯಕ್ಕಿಂತ ಶುದ್ಧವಾಗಿಯೂ ಗಂಭೀರವಾಗಿಯೂ ಕಾಣುತ್ತದೆ. ಇಂತಹವರು ಕ್ಷೇತ್ರಕಾರ್ಯವನ್ನು ಪ್ರಾಮಾಣಿಕವಾಗಿ ಮಾಡಿ, ಹಳ್ಳಿಹಳ್ಳಿ ತಿರುಗಿ ಮಾಹಿತಿ ಕಲೆಹಾಕಿ, ಬರೆಯುವ ಹಂತದಲ್ಲಿ ಮಾತ್ರ ಎಡವುತ್ತಾರೆ. ನಿಯಮವು ಅವರಿಗೂ ಪೂರ್ತಿ ಸೋಮಾರಿಯಾದವರಿಗೂ ಒಂದೇ. ಇದು ಕಠಿಣವೆನಿಸಿದರೂ, ಸರಳವಾದ ಸ್ವಂತ ವಾಕ್ಯವನ್ನು ಪರೀಕ್ಷಕರು ಸಾಮಾನ್ಯವಾಗಿ ತಿದ್ದಿಸುತ್ತಾರೆ, ತಿರಸ್ಕರಿಸುವುದಿಲ್ಲ ಎಂಬುದನ್ನು ಅಭ್ಯರ್ಥಿಗಳು ಮನಗಾಣಬೇಕು.

ಸಹಪಾಠಿಗಳ ನಡವಳಿಕೆಯ ಪ್ರಭಾವವೂ ಗಣನೀಯವಾದುದು. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಡೊನಾಲ್ಡ್ ಮೆಕೇಬ್ ಅವರು 1990ರ ದಶಕದಿಂದ ವಿದ್ಯಾರ್ಥಿಗಳ ಶೈಕ್ಷಣಿಕ ಪ್ರಾಮಾಣಿಕತೆಯನ್ನು ಕುರಿತು ದೀರ್ಘಕಾಲ ಸಮೀಕ್ಷೆಗಳನ್ನು ನಡೆಸಿದರು. ಲಿಂಡಾ ಟ್ರೆವಿನೊ ಅವರೊಂದಿಗೆ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಜೊತೆಯವರು ಏನು ಮಾಡುತ್ತಿದ್ದಾರೆ ಎಂಬ ತಿಳಿವಳಿಕೆಯೇ ವಿದ್ಯಾರ್ಥಿಗಳ ನಡತೆಯೊಂದಿಗೆ ಅತ್ಯಂತ ನಿಕಟ ಸಂಬಂಧ ಹೊಂದಿರುವುದನ್ನು ತೋರಿಸಿದರು. ಎಲ್ಲರೂ ಮಾಡುತ್ತಾರೆ, ಮಾಡದವನೇ ಮೂರ್ಖ ಎಂಬ ಮಾತು ನಮ್ಮ ವಿದ್ಯಾರ್ಥಿನಿಲಯಗಳಲ್ಲಿಯೂ ಕೇಳಿಬರುವಂಥದೇ.

ಹಿರಿಯರ ಮಾತನ್ನು ಹಾಗೆಯೇ ಉಚ್ಚರಿಸುವುದು ಪೂರ್ವದೇಶಗಳಲ್ಲಿ ಗೌರವದ ಸಂಕೇತವಾದ್ದರಿಂದ ಇಲ್ಲಿನ ವಿದ್ಯಾರ್ಥಿಗಳಿಗೆ ಕೃತಿಚೌರ್ಯದ ಕಲ್ಪನೆ ಪರಕೀಯವಾದುದೆಂಬ ವಾದವನ್ನು ಕೆಲವರು ಮುಂದಿಡುತ್ತಾರೆ. ಈ ವಾದಕ್ಕೆ ನಮ್ಮ ಸಾಹಿತ್ಯ ಪರಂಪರೆಯ ಬೆಂಬಲವಿಲ್ಲ. 10ನೇ ಶತಮಾನದ ರಾಜಶೇಖರನು ತನ್ನ ಕಾವ್ಯಮೀಮಾಂಸೆಯಲ್ಲಿ ಶಬ್ದಹರಣ ಹಾಗೂ ಅರ್ಥಹರಣ ಎಂದು ವಿಂಗಡಿಸಿ, ಒಬ್ಬ ಕವಿ ಮತ್ತೊಬ್ಬನಿಂದ ಪಡೆಯುವುದರಲ್ಲಿ ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂಬುದನ್ನು ಅಧ್ಯಾಯಗಳ ಉದ್ದಕ್ಕೂ ಚರ್ಚಿಸಿದ್ದಾನೆ. ಅದೇ ಶತಮಾನದ ಪಂಪನು ವಿಕ್ರಮಾರ್ಜುನ ವಿಜಯದ ಆರಂಭದಲ್ಲಿಯೇ ತನ್ನ ಕಥೆಯ ಮೂಲವು ವ್ಯಾಸರದೆಂದು ಹೇಳಿಕೊಂಡು, ತಾನು ವ್ಯಾಸನೆಂಬ ಗರ್ವ ತನಗಿಲ್ಲವೆಂದು ಸ್ಪಷ್ಟಪಡಿಸುತ್ತಾನೆ. ಎಲ್ಲರಿಗೂ ತಿಳಿದಿರುವ ಮಹಾಭಾರತಕ್ಕೇ ಮೂಲವನ್ನು ಹೇಳಿದವರ ನಾಡಿನಲ್ಲಿ, ಯಾರಿಗೂ ತಿಳಿಯದ ಲೇಖನದ ಮೂಲವನ್ನು ಮರೆಮಾಚುವುದನ್ನು ಸಂಸ್ಕೃತಿಯ ಹೆಸರಿನಲ್ಲಿ ಸಮರ್ಥಿಸುವುದು ಕಷ್ಟ.

ಅಧ್ಯಾಪಕ ವರ್ಗದ ಧೋರಣೆ

ವಿದ್ಯಾರ್ಥಿಗಳು ತಿಳಿಯದೆ ಮಾಡುತ್ತಾರೆಂಬ ರಿಯಾಯಿತಿಯು ಅಧ್ಯಾಪಕರಿಗೆ ಅನ್ವಯಿಸುವುದಿಲ್ಲ. ಆದರೂ ವಿಶ್ವವಿದ್ಯಾಲಯಗಳಲ್ಲಿ ಇಂತಹ ಪ್ರಕರಣ ಬೆಳಕಿಗೆ ಬಂದಾಗ ಮೊದಲು ಕಾಣುವ ಪ್ರತಿಕ್ರಿಯೆಯೆಂದರೆ ಮೌನ. ಸಹೋದ್ಯೋಗಿಯ ಬಡ್ತಿ ತಪ್ಪುತ್ತದೆ, ವಿಭಾಗದ ಹೆಸರು ಕೆಡುತ್ತದೆ, ವಿದ್ಯಾರ್ಥಿಯ ಐದು ವರ್ಷಗಳ ಶ್ರಮ ಹಾಳಾಗುತ್ತದೆ ಎಂಬ ಅನುಕಂಪವು ಒಂದು ಕಡೆ. ನಾಳೆ ತನ್ನ ಬರಹವನ್ನೂ ಯಾರಾದರೂ ಕೆದಕಬಹುದೆಂಬ ಅಂಜಿಕೆಯು ಮತ್ತೊಂದು ಕಡೆ. ಇಲ್ಲಿ ಮರೆತುಹೋಗುವವರು ಮೂಲ ಲೇಖಕರು. ಅವರು ಬೇರೆ ಊರಿನ, ಹೆಸರು ಕೇಳಿರದ ಕಾಲೇಜಿನ ಅಧ್ಯಾಪಕರೋ, ಹವ್ಯಾಸಿ ಸಂಶೋಧಕರೋ ಆಗಿದ್ದಲ್ಲಿ ಅವರ ಪರವಾಗಿ ಮಾತನಾಡುವವರೇ ಇರುವುದಿಲ್ಲ.

ನೈನಿತಾಲಿನ ಕುಮಾವೂ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ನಡೆದ ಪ್ರಕರಣವು ಈ ವಿಷಯದಲ್ಲಿ ದೇಶದ ಗಮನ ಸೆಳೆಯಿತು. ಅಂದಿನ ಕುಲಪತಿಯವರ ಹೆಸರಿನಲ್ಲಿ ವಿದ್ಯಾರ್ಥಿಯೊಂದಿಗೆ ಪ್ರಕಟವಾಗಿದ್ದ ಭೌತಶಾಸ್ತ್ರದ ಲೇಖನವು, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರೆನಾಟಾ ಕಲೋಷ್ ಮತ್ತು ಅವರ ಸಹಲೇಖಕರು 1996ರಲ್ಲಿ ಪ್ರಕಟಿಸಿದ್ದ ಲೇಖನದ ನಕಲೆಂದು ಕಂಡುಬಂದಿತು. ನೊಬೆಲ್ ಪುರಸ್ಕೃತರೂ ಸೇರಿದಂತೆ ಸ್ಟ್ಯಾನ್‌ಫರ್ಡ್‌ನ ಭೌತವಿಜ್ಞಾನಿಗಳು ಅಂದಿನ ರಾಷ್ಟ್ರಪತಿಗಳಿಗೆ ಪತ್ರ ಬರೆದರು. ನ್ಯಾಯಾಂಗ ಹಿನ್ನೆಲೆಯ ವಿಚಾರಣೆಯಲ್ಲಿ ಆರೋಪವು ಸಾಬೀತಾಗಿ, ಕುಲಪತಿಯವರು 2003ರ ಫೆಬ್ರವರಿಯಲ್ಲಿ ರಾಜೀನಾಮೆ ನೀಡಿದರು. ಇದಕ್ಕೂ ಮೊದಲು ಹೊಣೆಯನ್ನು ವಿದ್ಯಾರ್ಥಿಯ ಮೇಲೆ ಹಾಕುವ ಪ್ರಯತ್ನ ನಡೆದಿತ್ತು. ಲೇಖನವು ಪ್ರಶಂಸೆ ಪಡೆದಾಗ ಮಾರ್ಗದರ್ಶಕರದು, ಪ್ರಶ್ನೆ ಎದ್ದಾಗ ವಿದ್ಯಾರ್ಥಿಯದು ಎಂಬ ಈ ರೂಢಿಯು ಒಂದು ವಿಶ್ವವಿದ್ಯಾಲಯಕ್ಕೆ ಸೀಮಿತವಾದುದಲ್ಲ. ಸಹಲೇಖಕರಾಗಿ ಸಹಿ ಹಾಕಿದವರು ಲೇಖನದ ಪ್ರತಿಯೊಂದು ಸಾಲಿಗೂ ಜವಾಬ್ದಾರರು ಎಂಬುದು ಸಾಮಾನ್ಯ ತತ್ವ.

ಸರ್ಕಾರಿ ಸಮಿತಿಗಳೂ ಇದಕ್ಕೆ ಹೊರತಾಗಿಲ್ಲ. ಪೇಟೆಂಟ್ ಕಾನೂನಿನ ವಿಷಯಗಳನ್ನು ಪರಿಶೀಲಿಸಲು ಕೇಂದ್ರ ಸರ್ಕಾರವು ರಚಿಸಿದ್ದ ತಾಂತ್ರಿಕ ತಜ್ಞರ ಸಮಿತಿಯು 2006ರ ಡಿಸೆಂಬರ್‌ನಲ್ಲಿ ಸಲ್ಲಿಸಿದ ವರದಿಯ ಕೆಲವು ಭಾಗಗಳು ಬೇರೊಂದು ಲೇಖನದಿಂದ ಯಥಾವತ್ತಾಗಿ ಬಂದಿರುವುದು ಬೆಳಕಿಗೆ ಬಂದು, 2007ರ ಫೆಬ್ರವರಿಯಲ್ಲಿ ವರದಿಯನ್ನು ಹಿಂಪಡೆಯಲಾಯಿತು. ಪರಿಷ್ಕೃತ ವರದಿಯು 2009ರಲ್ಲಿ ಸಲ್ಲಿಕೆಯಾಯಿತು. ಹೊರದೇಶದ ನಿದರ್ಶನವಾಗಿ ಜರ್ಮನಿಯನ್ನು ಹೇಳಬಹುದು. ಅಲ್ಲಿನ ರಕ್ಷಣಾ ಸಚಿವರಾಗಿದ್ದ ಕಾರ್ಲ್ ಥಿಯೊಡೋರ್ ಸು ಗುಟೆನ್‌ಬರ್ಗ್ ಅವರ ಡಾಕ್ಟರೇಟ್ ಪದವಿಯನ್ನು ಬೈರಾಯಿಟ್ ವಿಶ್ವವಿದ್ಯಾಲಯವು 2011ರ ಫೆಬ್ರವರಿಯಲ್ಲಿ ಹಿಂಪಡೆದ ಕೆಲವೇ ದಿನಗಳಲ್ಲಿ, ಮಾರ್ಚ್ 1ರಂದು ಅವರು ಸಚಿವ ಸ್ಥಾನವನ್ನು ತೊರೆದರು.

ಪ್ರಕಟಣೆಗಳ ಸಂಖ್ಯೆಗೆ ಅಂಕ ನೀಡುವ ಪದ್ಧತಿಯು ಈ ಧೋರಣೆಯನ್ನು ಬೆಳೆಸಿತೆಂಬ ಅಭಿಪ್ರಾಯದಲ್ಲಿ ಹುರುಳಿದೆ. ಆಯೋಗದ 2010ರ ವಿನಿಯಮಗಳ ಮೂಲಕ ಅಧ್ಯಾಪಕರ ನೇಮಕಾತಿ ಹಾಗೂ ಬಡ್ತಿಗೆ ಶೈಕ್ಷಣಿಕ ಸಾಧನಾ ಸೂಚ್ಯಂಕವನ್ನು ಅಳವಡಿಸಿದ ನಂತರ, ಹಣ ಪಡೆದು ಪರಿಶೀಲನೆಯಿಲ್ಲದೆ ಲೇಖನಗಳನ್ನು ಅಚ್ಚು ಹಾಕುವ ನಿಯತಕಾಲಿಕೆಗಳು ನಾಯಿಕೊಡೆಗಳಂತೆ ಹುಟ್ಟಿಕೊಂಡವು. ಆಯೋಗವು 2018ರ ಮೇ ತಿಂಗಳಿನಲ್ಲಿ ತನ್ನ ಅನುಮೋದಿತ ಪಟ್ಟಿಯಿಂದ 4,305 ನಿಯತಕಾಲಿಕೆಗಳನ್ನು ಕೈಬಿಟ್ಟಿತು. 2019ರಲ್ಲಿ ಜಾರಿಗೆ ಬಂದ ಕೇರ್ ಪಟ್ಟಿಯನ್ನು 2025ರಲ್ಲಿ ಸ್ಥಗಿತಗೊಳಿಸಲಾಗಿದ್ದು, ನಿಯತಕಾಲಿಕೆಯ ಗುಣಮಟ್ಟವನ್ನು ನಿರ್ಣಯಿಸುವ ಹೊಣೆಯನ್ನು ಸಂಸ್ಥೆಗಳಿಗೇ ಬಿಡಲಾಗಿದೆ. ಹಳೆಯ ಪಟ್ಟಿಯ ಹೆಸರು ಹೇಳಿ ಹಣ ಕೇಳುವವರ ಬಗ್ಗೆ ಅಭ್ಯರ್ಥಿಗಳು ಎಚ್ಚರ ವಹಿಸುವುದು.

ತನ್ನದೇ ಹಳೆಯ ಲೇಖನವನ್ನು ಹೊಸದೆಂಬಂತೆ ಮತ್ತೆ ಪ್ರಕಟಿಸುವುದರ ಬಗ್ಗೆಯೂ ಆಯೋಗವು 2020ರ ಏಪ್ರಿಲ್‌ನಲ್ಲಿ ಸಾರ್ವಜನಿಕ ಸೂಚನೆ ಹೊರಡಿಸಿದೆ. ನನ್ನದನ್ನು ನಾನು ಕದಿಯುವುದು ಹೇಗೆ ಸಾಧ್ಯವೆಂಬ ಆಕ್ಷೇಪಣೆ ಇದಕ್ಕೆ ಬರುವುದುಂಟು. ಒಂದೇ ಬಿಲ್ಲನ್ನು ಎರಡು ಬಾರಿ ಮಂಜೂರಾತಿಗೆ ಸಲ್ಲಿಸಿದರೆ ಏನಾಗುತ್ತದೋ ಅದೇ ಇಲ್ಲಿಯೂ ಆಗುತ್ತದೆ.

2018ರ ವಿನಿಯಮಗಳು ಹಾಗೂ ದಂಡನೆ

ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೈಕ್ಷಣಿಕ ಪ್ರಾಮಾಣಿಕತೆಯ ಪ್ರೋತ್ಸಾಹ ಹಾಗೂ ಕೃತಿಚೌರ್ಯ ತಡೆಗೆ ಸಂಬಂಧಿಸಿದ ವಿನಿಯಮಗಳನ್ನು ಆಯೋಗವು 2018ರ ಜುಲೈ ತಿಂಗಳಿನಲ್ಲಿ ಅಧಿಸೂಚಿಸಿತು. ಇವುಗಳನ್ವಯ ಹೋಲಿಕೆಯನ್ನು ನಾಲ್ಕು ಹಂತಗಳಾಗಿ ವಿಂಗಡಿಸಲಾಗಿದೆ.

ಶೇ. 10ರವರೆಗಿನ ಹೋಲಿಕೆಯು ಶೂನ್ಯ ಹಂತವಾಗಿದ್ದು ಅದಕ್ಕೆ ದಂಡನೆ ಇರುವುದಿಲ್ಲ. ಶೇ. 10ಕ್ಕಿಂತ ಹೆಚ್ಚು ಹಾಗೂ ಶೇ. 40ರವರೆಗೆ ಇದ್ದಲ್ಲಿ ಅದು ಒಂದನೇ ಹಂತ. ವಿದ್ಯಾರ್ಥಿಯು 6 ತಿಂಗಳನ್ನು ಮೀರದ ನಿಗದಿತ ಅವಧಿಯೊಳಗೆ ಪರಿಷ್ಕೃತ ಪ್ರಬಂಧವನ್ನು ಸಲ್ಲಿಸತಕ್ಕದ್ದು. ಶೇ. 40ಕ್ಕಿಂತ ಹೆಚ್ಚು ಹಾಗೂ ಶೇ. 60ರವರೆಗಿನದು ಎರಡನೇ ಹಂತ. ಇದರಲ್ಲಿ ಪರಿಷ್ಕೃತ ಪ್ರಬಂಧವನ್ನು ಸಲ್ಲಿಸದಂತೆ 1 ವರ್ಷದವರೆಗೆ ನಿರ್ಬಂಧಿಸಲಾಗುತ್ತದೆ. ಶೇ. 60ನ್ನು ಮೀರಿದಲ್ಲಿ ಮೂರನೇ ಹಂತವಾಗಿ, ನೋಂದಣಿಯೇ ರದ್ದಾಗುತ್ತದೆ. ಎರಡನೇ ಬಾರಿ ಸಿಕ್ಕಿಬಿದ್ದವರಿಗೆ ಹಿಂದಿನದಕ್ಕಿಂತ ಒಂದು ಹಂತ ಮೇಲಿನ ದಂಡನೆ ಅನ್ವಯವಾಗುತ್ತದೆ. ಪದವಿ ಪ್ರದಾನವಾದ ನಂತರ ಸಾಬೀತಾದಲ್ಲಿ, ಸಮಿತಿಯು ಶಿಫಾರಸು ಮಾಡಿ ಸಂಸ್ಥೆಯ ಮುಖ್ಯಸ್ಥರು ಅನುಮೋದಿಸಿದ ಅವಧಿಗೆ ಪದವಿಯನ್ನು ಅಮಾನತಿನಲ್ಲಿಡಬಹುದಾಗಿದೆ. ಪದವಿ ಬಂದಾಯಿತು, ಇನ್ನು ಚಿಂತೆಯಿಲ್ಲ ಎಂಬುದಕ್ಕೆ ಆಧಾರವಿಲ್ಲ.

ಅಧ್ಯಾಪಕರ ಪ್ರಕಟಣೆಗಳಿಗೆ ಸಂಬಂಧಿಸಿದಂತೆ ಒಂದನೇ ಹಂತದಲ್ಲಿ ಲೇಖನವನ್ನು ಹಿಂಪಡೆಯುವಂತೆ ಸೂಚಿಸಲಾಗುವುದು. ಎರಡನೇ ಹಂತದಲ್ಲಿ ಇದರೊಂದಿಗೆ ಒಂದು ವಾರ್ಷಿಕ ವೇತನ ಬಡ್ತಿಯ ನಷ್ಟ ಹಾಗೂ 2 ವರ್ಷಗಳವರೆಗೆ ಹೊಸ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡದಂತೆ ನಿರ್ಬಂಧ. ಮೂರನೇ ಹಂತದಲ್ಲಿ ಸತತ ಎರಡು ವೇತನ ಬಡ್ತಿಗಳ ನಷ್ಟ ಹಾಗೂ 3 ವರ್ಷಗಳ ನಿರ್ಬಂಧ. ಮೂರನೇ ಹಂತದ ತಪ್ಪು ಪುನರಾವರ್ತನೆಯಾದಲ್ಲಿ ಸೇವಾ ನಿಯಮಗಳನ್ವಯ ಅಮಾನತು ಅಥವಾ ವಜಾ ಕ್ರಮಕ್ಕೆ ಅವಕಾಶವಿದೆ.

ಮೂಲವನ್ನು ಹೇಳಿ ಉದ್ಧರಿಸಿದ ಭಾಗಗಳು, ಗ್ರಂಥಋಣ, ಪರಿವಿಡಿ, ಮುನ್ನುಡಿ, ಕೃತಜ್ಞತೆ, ಕಾನೂನಿನ ಪಾಠಗಳು, ಸಾಮಾನ್ಯ ಪಾರಿಭಾಷಿಕ ಪದಗಳು ಹಾಗೂ ಪ್ರಮಾಣಿತ ಸಮೀಕರಣಗಳನ್ನು ಲೆಕ್ಕದಿಂದ ಹೊರಗಿಡಬೇಕು. ಸಾಮಾನ್ಯ ತಿಳಿವಳಿಕೆಯ ಅಥವಾ ಕಾಕತಾಳೀಯವಾದ ಪದಗಳನ್ನು ಸತತ 14 ಪದಗಳವರೆಗೆ ಪರಿಗಣಿಸುವಂತಿಲ್ಲ. ಸಾರಾಂಶ, ಪ್ರಾಕ್ಕಲ್ಪನೆ, ಅವಲೋಕನ, ಫಲಿತಾಂಶ, ತೀರ್ಮಾನ ಹಾಗೂ ಶಿಫಾರಸುಗಳಲ್ಲಿ ಯಾವುದೇ ಹೋಲಿಕೆ ಇರಕೂಡದೆಂದು ವಿನಿಯಮವೇ ಹೇಳುತ್ತದೆ. ಆದ್ದರಿಂದ ಒಟ್ಟು ಹೋಲಿಕೆಯು ಶೇ. 6 ಇದ್ದು, ಆ ಶೇ. 6 ಪೂರ್ತಿಯಾಗಿ ತೀರ್ಮಾನದ ಅಧ್ಯಾಯದಿಂದಲೇ ಬಂದಿದ್ದರೆ ಅಂತಹ ಪ್ರಬಂಧವು ಶೂನ್ಯ ಹಂತದಲ್ಲಿದೆ ಎಂದು ನಿಶ್ಚಿಂತರಾಗಿರಲು ಸಾಧ್ಯವಿಲ್ಲ. ಅದೇ ರೀತಿ, ಕಾಯ್ದೆಯ ಪ್ರಕರಣಗಳನ್ನು ವಿಪುಲವಾಗಿ ಉದ್ಧರಿಸಿದ ಕಾನೂನು ಪ್ರಬಂಧವೊಂದರ ಕಚ್ಚಾ ವರದಿಯು ಶೇ. 35 ತೋರಿಸಬಹುದು, ಹೊರಗಿಡಬೇಕಾದುದನ್ನು ಹೊರಗಿಟ್ಟಾಗ ಅದು ಶೇ. 5ಕ್ಕೆ ಇಳಿಯಲೂಬಹುದು. ಅಂಕಿಯನ್ನು ಮಾತ್ರ ನೋಡಿ ಗಾಬರಿಯಾಗುವುದಾಗಲಿ, ನಿರಾಳರಾಗುವುದಾಗಲಿ ಸರಿಯಲ್ಲ. ವರದಿಯಲ್ಲಿ ಬಣ್ಣ ಬಳಿದ ಪ್ರತಿಯೊಂದು ಭಾಗವನ್ನು ಮಾರ್ಗದರ್ಶಕರೊಂದಿಗೆ ಕುಳಿತು ಓದುವುದೇ ಉಪಾಯ.

ಹೋಲಿಕೆಯನ್ನು ಇಳಿಸಿಕೊಡುವುದಾಗಿ ಪುಟಕ್ಕಿಷ್ಟೆಂದು ದರ ನಿಗದಿಪಡಿಸಿ ಜಾಹೀರಾತು ನೀಡುವವರಿದ್ದಾರೆ. ಇವರು ಮಾಡುವ ಕೆಲಸವೆಂದರೆ ಪದಗಳಿಗೆ ಸಮಾನಾರ್ಥಕ ಪದಗಳನ್ನು ತುಂಬುವುದು. ಇದರಿಂದ ಅಂಕಿ ಇಳಿಯುತ್ತದೆ, ಚೌರ್ಯವು ಹಾಗೆಯೇ ಉಳಿಯುತ್ತದೆ, ಜೊತೆಗೆ ಪಾರಿಭಾಷಿಕ ಪದಗಳು ಕೆಟ್ಟು ಅರ್ಥವೇ ತಿರುಗಿಹೋಗುತ್ತದೆ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ನಂತರ, ಬೇಡಿದ ವಿಷಯದ ಮೇಲೆ ಹೊಸ ವಾಕ್ಯಗಳನ್ನೇ ಯಂತ್ರದಿಂದ ಬರೆಸಿಕೊಳ್ಳುವುದು ಸುಲಭವಾಗಿದೆ. ಇಂತಹ ಬರಹವು ಹೋಲಿಕೆ ವರದಿಯಲ್ಲಿ ಶೂನ್ಯವನ್ನು ತೋರಿಸಬಹುದು. ಆದರೆ ಪ್ರಬಂಧವು ತಾನೇ ಸಿದ್ಧಪಡಿಸಿದ್ದು ಎಂದು ಮುಚ್ಚಳಿಕೆ ಬರೆದುಕೊಡುವವರು ಅಭ್ಯರ್ಥಿಯೇ ಆಗಿರುತ್ತಾರೆ. ಯಂತ್ರಗಳು ಇಲ್ಲದ ಗ್ರಂಥಗಳ ಹೆಸರನ್ನು ಗ್ರಂಥಋಣದಲ್ಲಿ ಸೇರಿಸುವುದೂ ಉಂಟು. ಸಂಸ್ಥೆಯು ಈ ಬಗ್ಗೆ ಪ್ರತ್ಯೇಕ ನಿಯಮ ಮಾಡಿದ್ದಲ್ಲಿ ಅದನ್ನು ಮೊದಲೇ ತಿಳಿದುಕೊಳ್ಳುವುದು.

ಕನ್ನಡ ಪ್ರಬಂಧಗಳಿಗೆ ಸಂಬಂಧಿಸಿದಂತೆ

ಈ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಕೇಂದ್ರ ಸರ್ಕಾರದ ಶೋಧಶುದ್ಧಿ ಯೋಜನೆಯಡಿ 2019ರಿಂದ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ ಮೂಲಕ ವಿಶ್ವವಿದ್ಯಾಲಯಗಳಿಗೆ ಪರಿಶೀಲನಾ ತಂತ್ರಾಂಶವನ್ನು ಒದಗಿಸಲಾಗಿದೆ. ತಂತ್ರಾಂಶವು ತನ್ನ ಸಂಗ್ರಹದಲ್ಲಿ ಹಾಗೂ ಅಂತರ್ಜಾಲದಲ್ಲಿ ಪಠ್ಯರೂಪದಲ್ಲಿ ಇರುವುದರೊಂದಿಗೆ ಮಾತ್ರ ಹೋಲಿಸಬಲ್ಲದು. ಕನ್ನಡದ ಬಹುಪಾಲು ವಿಮರ್ಶಾ ಗ್ರಂಥಗಳು, ಸ್ಮರಣ ಸಂಚಿಕೆಗಳು, ಹಳೆಯ ನಿಯತಕಾಲಿಕೆಗಳು ಮುದ್ರಣದಲ್ಲಿ ಮಾತ್ರ ಇವೆ. ಇನ್ನು ಕೆಲವು ಪುಟಗಳ ಚಿತ್ರರೂಪದಲ್ಲಿ ಮಾತ್ರ ಲಭ್ಯವಿವೆ. ಯೂನಿಕೋಡ್ ಪೂರ್ವದ ನುಡಿ ಅಥವಾ ಬರಹ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ ಕಡತವನ್ನು ತಂತ್ರಾಂಶಕ್ಕೆ ಕೊಟ್ಟರೆ ಅದು ಕನ್ನಡವನ್ನು ಕಾಣುವುದೇ ಇಲ್ಲ. ಪರದೆಯ ಮೇಲೆ ಕನ್ನಡವಾಗಿ ತೋರುವ ಅಕ್ಷರಗಳು ಒಳಗೆ ಅರ್ಥವಿಲ್ಲದ ರೋಮನ್ ಲಿಪಿಯ ಸಂಕೇತಗಳಾಗಿರುತ್ತವೆ. ಇಂಗ್ಲಿಷ್ ಗ್ರಂಥದ ಅಧ್ಯಾಯವನ್ನು ಕನ್ನಡಕ್ಕೆ ಅನುವಾದಿಸಿ ತನ್ನದೆಂದು ಸಲ್ಲಿಸಿದರೆ ಅದನ್ನು ಪತ್ತೆ ಮಾಡುವುದು ಇನ್ನೂ ಕಷ್ಟ.

ಹೀಗಾಗಿ ಕನ್ನಡ ಪ್ರಬಂಧವೊಂದರ ವರದಿಯಲ್ಲಿ ಶೂನ್ಯ ಎಂದು ಬಂದರೆ, ಆ ಶೂನ್ಯದಿಂದ ಏನೂ ಸಾಬೀತಾಗುವುದಿಲ್ಲ. ಪ್ರಾಮಾಣಿಕವಾಗಿ ಬರೆದವರಿಗೂ ಒಂದು ಮುದ್ರಿತ ಗ್ರಂಥವನ್ನು ಪೂರ್ತಿಯಾಗಿ ಇಳಿಸಿದವರಿಗೂ ಅದೇ ಶೂನ್ಯ ಬರುತ್ತದೆ. 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ ಸೇರಿದಂತೆ ರಾಜ್ಯದ ಹಲವು ವಿಶ್ವವಿದ್ಯಾಲಯಗಳಲ್ಲಿ ಕನ್ನಡದಲ್ಲಿ ಸಂಶೋಧನೆ ನಡೆಯುತ್ತಿದ್ದು, ಅಲ್ಲೆಲ್ಲ ನಿಜವಾದ ಪರಿಶೀಲನೆಯು ಮಾರ್ಗದರ್ಶಕರ ಹಾಗೂ ಪರೀಕ್ಷಕರ ಓದಿನ ಮೇಲೆಯೇ ನಿಂತಿದೆ. ಆ ಕ್ಷೇತ್ರದ ಪುಸ್ತಕಗಳನ್ನು ಓದಿಕೊಂಡವರಿಗೆ ಒಂದು ಪುಟ ಓದುವಷ್ಟರಲ್ಲಿ ಧ್ವನಿ ಬದಲಾದುದು ತಿಳಿಯುತ್ತದೆ. ಮೌಖಿಕ ಪರೀಕ್ಷೆಯಲ್ಲಿ, ಈ ಶಾಸನದ ಪಾಠವನ್ನು ತಾವು ಎಲ್ಲಿ ನೋಡಿದಿರಿ ಎಂಬ ಒಂದೇ ಪ್ರಶ್ನೆಯಿಂದ ಅನೇಕ ಸಂಗತಿಗಳು ಹೊರಬರುತ್ತವೆ. ಅಭ್ಯರ್ಥಿಗಳು ಪ್ರಬಂಧವನ್ನು ಯೂನಿಕೋಡ್‌ನಲ್ಲಿಯೇ ಸಿದ್ಧಪಡಿಸುವುದು ಸೂಕ್ತ. ಹಳೆಯ ಶೈಲಿಯಲ್ಲಿದ್ದಲ್ಲಿ ಪರಿವರ್ತಕದ ಮೂಲಕ ಬದಲಿಸಿ, ಒತ್ತಕ್ಷರ ಹಾಗೂ ಅರ್ಕಾವೊತ್ತುಗಳು ಸರಿಯಾಗಿವೆಯೇ ಎಂದು ನೋಡಿದ ನಂತರವೇ ಪರಿಶೀಲನೆಗೆ ನೀಡತಕ್ಕದ್ದು.

ದೂರು ಸಲ್ಲಿಸಬಯಸುವವರಿಗೆ

ಪ್ರತಿಯೊಂದು ವಿಭಾಗದಲ್ಲಿ ವಿಭಾಗದ ಮುಖ್ಯಸ್ಥರ ಅಧ್ಯಕ್ಷತೆಯ ಮೂವರು ಸದಸ್ಯರ ವಿಭಾಗೀಯ ಸಮಿತಿ ಹಾಗೂ ಸಂಸ್ಥೆಯ ಮಟ್ಟದಲ್ಲಿ ಹೊರಗಿನ ಸದಸ್ಯರೊಬ್ಬರೂ ಸೇರಿದಂತೆ ನಾಲ್ವರ ಸಾಂಸ್ಥಿಕ ಸಮಿತಿ ಇರತಕ್ಕದ್ದು. ಶೈಕ್ಷಣಿಕ ಸಮುದಾಯದ ಯಾವುದೇ ಸದಸ್ಯರು ಸೂಕ್ತ ಪುರಾವೆಯೊಂದಿಗೆ ವಿಭಾಗೀಯ ಸಮಿತಿಗೆ ದೂರು ನೀಡಬಹುದಾಗಿದ್ದು, ಸದರಿ ಸಮಿತಿಯು 45 ದಿನಗಳೊಳಗೆ ಸಾಂಸ್ಥಿಕ ಸಮಿತಿಗೆ ವರದಿ ಸಲ್ಲಿಸಬೇಕು. ಸಾಂಸ್ಥಿಕ ಸಮಿತಿಯು ಮತ್ತೆ 45 ದಿನಗಳೊಳಗೆ ಸಂಸ್ಥೆಯ ಮುಖ್ಯಸ್ಥರಿಗೆ ಶಿಫಾರಸು ಕಳುಹಿಸಬೇಕು. ವರದಿಯ ಪ್ರತಿಯನ್ನು ಆರೋಪಿತರಿಗೆ ನೀಡತಕ್ಕದ್ದು. ಪರೀಕ್ಷಕರ ಅಭಿಪ್ರಾಯದ ಮೇಲೆಯೂ, ಸಂಸ್ಥೆಯು ಸ್ವಯಂಪ್ರೇರಿತವಾಗಿಯೂ ಕ್ರಮ ಆರಂಭಿಸಬಹುದು.

ವಿಶ್ವವಿದ್ಯಾಲಯದ ಹೊರಗಿನ ಲೇಖಕರು ತಮ್ಮ ಕೃತಿಯ ಭಾಗಗಳು ಪ್ರಬಂಧವೊಂದರಲ್ಲಿ ಬಳಕೆಯಾಗಿರುವುದನ್ನು ಕಂಡಲ್ಲಿ ಕುಲಸಚಿವರಿಗೆ ಅಥವಾ ಕುಲಪತಿಯವರಿಗೆ ಲಿಖಿತವಾಗಿ ತಿಳಿಸಿ, ಸಂಸ್ಥೆಯು ಸ್ವಯಂಪ್ರೇರಿತ ಕ್ರಮ ಕೈಗೊಳ್ಳುವಂತೆ ಕೋರಬಹುದು. ಅನೇಕ ಮಹಾಪ್ರಬಂಧಗಳು ಶೋಧಗಂಗಾ ಭಂಡಾರದಲ್ಲಿ ಸಾರ್ವಜನಿಕರಿಗೆ ಉಚಿತವಾಗಿ ಲಭ್ಯವಿದ್ದು, ಅಲ್ಲಿಂದಲೇ ಪ್ರತಿಯನ್ನು ಪಡೆಯಬಹುದಾಗಿದೆ. ಪದವಿ ಪ್ರದಾನವಾದ ಒಂದು ತಿಂಗಳೊಳಗೆ ಪ್ರಬಂಧದ ವಿದ್ಯುನ್ಮಾನ ಪ್ರತಿಯನ್ನು ಸಂಸ್ಥೆಯು ಅಲ್ಲಿಗೆ ಸಲ್ಲಿಸಬೇಕೆಂಬ ನಿಯಮವಿದೆ.

ದೂರಿನಲ್ಲಿ ಇಡೀ ಪ್ರಬಂಧವೇ ಕದ್ದದ್ದು ಎಂಬ ಸಾಮಾನ್ಯ ಆರೋಪವನ್ನು ಮಾಡುವುದರಿಂದ ಪ್ರಯೋಜನವಿಲ್ಲ. ಎಡಭಾಗದಲ್ಲಿ ಮೂಲ ಕೃತಿಯ ಪುಟ, ಸಾಲು ಹಾಗೂ ಪ್ರಕಟಣೆಯ ವರ್ಷ, ಬಲಭಾಗದಲ್ಲಿ ಪ್ರಬಂಧದ ಪುಟ ಹಾಗೂ ಸಾಲು ಹೀಗೆ ಎರಡು ಕಲಂಗಳ ತಃಖ್ತೆಯನ್ನು ಸಿದ್ಧಪಡಿಸಿ, ಮೂಲ ಕೃತಿಯ ಶೀರ್ಷಿಕೆ ಪುಟದ ಹಾಗೂ ಸಂಬಂಧಿತ ಪುಟಗಳ ನೆರಳಚ್ಚು ಪ್ರತಿಗಳೊಂದಿಗೆ ಲಗತ್ತಿಸುವುದು. ಮೂಲ ಕೃತಿಯು ಪ್ರಬಂಧಕ್ಕಿಂತ ಮೊದಲು ಪ್ರಕಟವಾಗಿತ್ತೆಂಬುದನ್ನು ತೋರಿಸುವ ದಾಖಲೆ ಅತಿ ಮುಖ್ಯವಾದುದು. ದೂರನ್ನು ಅಂಚೆಯ ಮೂಲಕ ಕಳುಹಿಸುವ ಬದಲು ಖುದ್ದಾಗಿ ಸಲ್ಲಿಸುವವರು ಸ್ವೀಕೃತಿಯನ್ನು ದಿನಾಂಕ ಹಾಗೂ ಮೊಹರಿನೊಂದಿಗೆ ಪಡೆದುಕೊಳ್ಳತಕ್ಕದ್ದು. 45 ದಿನಗಳ ಅವಧಿಯು ದೂರು ಸ್ವೀಕೃತವಾದ ದಿನದಿಂದ ಆರಂಭವಾಗುತ್ತದೆ. ಅವಧಿ ಮುಗಿದರೂ ಉತ್ತರ ಬಾರದಿದ್ದಲ್ಲಿ, ದೂರಿನ ಮೇಲೆ ಕೈಗೊಂಡ ಕ್ರಮದ ಮಾಹಿತಿಯನ್ನು ಕೋರಿ 2005ರ ಮಾಹಿತಿ ಹಕ್ಕು ಅಧಿನಿಯಮದಡಿ ವಿಶ್ವವಿದ್ಯಾಲಯದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಬಹುದು. ಇದಕ್ಕೆ 30 ದಿನಗಳೊಳಗೆ ಉತ್ತರ ನೀಡತಕ್ಕದ್ದು.